ರೈಸ್ ಸಾಹೇಬರು

ಪಾಠ ಪರೀಕ್ಷೆಗಳಿರಲು ಪ್ರವಾಸ, ಚರ್ಚಾಕೂಟ, ನಾಟಕಗಳೇತಕ್ಕೆಂದು ಕಾಮಾಕ್ಷಿಪಾಳ್ಯದ ತಾಯಿತಂದೆಗಳು ನಮ್ಮನ್ನು ಆಗಾಗ ಕೇಳುವುದುಂಟು. ಉತ್ತರವಾಗಿ ನಾವು ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ಇಲ್ಲಿ ಅರಿಕೆಮಾಡುತ್ತೇವೆ.

ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರು 1837ನೆಯ ಇಸವಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಜನಿಸಿದರು. ತಂದೆಯವರು ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಬಲ್ಲವರು. ಇಂಗ್ಲೆಂಡಿನಲ್ಲಿ ಓದಿದ ಸಾಹೇಬರು 1860ರಲ್ಲಿ ಹಿಂದಿರುಗಿ, ಮುಂದೆ ಸೆಂಟ್ರಲ್ ಕಾಲೇಜೆನಿಸಿದ ಬೆಂಗಳೂರು ಹೈಸ್ಕೂಲಿಗೆ ಮುಖ್ಯಸ್ಥರಾದರು. ಆಮೇಲೆ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರಾದರು. 1868ರ ಹೋಬಳಿ ಶಾಲೆಗಳ ಯೋಜನೆಯು ಅವರದೇ. ಪಟ್ಟಣವನ್ನೇ ಕಾಣದ ರೈತನ ಮಗುವಿಗೂ ಅಕ್ಷರದ ಬಾಗಿಲು ಅದರಿಂದ ತೆರೆಯಿತು.

ಶಾಲೆಗಳ ತನಿಖೆಗೆಂದು ಊರೂರು ಸುತ್ತುತ್ತಿದ್ದ ಅವರ ದೃಷ್ಟಿಯು ಗುಡಿಯ ಮಗ್ಗುಲಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಶಿಲಾಶಾಸನಗಳ ಮೇಲೆ ಬಿದ್ದಿತು. ಅವನ್ನು ಓದುವುದು ಇನ್ಸ್‌ಪೆಕ್ಟರರ ಕರ್ತವ್ಯವಾಗಿರಲಿಲ್ಲ. ಆದರೂ ಅವರು ಪಂಡಿತರ ನೆರವು ಪಡೆದು ಓದಿದರು. 1879ರಲ್ಲಿ ಮೊದಲ ಸಂಗ್ರಹವೂ, ಬಳಿಕ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳೂ ಹೊರಬಂದುವು. ಸುಮಾರು 9000 ಶಾಸನಗಳು ಬೆಳಕು ಕಂಡುವು. ನಮ್ಮ ಬೆಂಗಳೂರು ಜಿಲ್ಲೆಯ ಸಂಪುಟವು 1905ರದು. ಓಲೆಗರಿಗಳಲ್ಲಿ ಅಡಗಿದ್ದ ಪಂಪಭಾರತ, ಕವಿರಾಜಮಾರ್ಗಗಳೂ ಅವರ ಗ್ರಂಥಮಾಲೆಯಲ್ಲಿ ಅಚ್ಚಾದುವು. 1906ರಲ್ಲಿ ನಿವೃತ್ತರಾದ ಸಾಹೇಬರು 1927ರಲ್ಲಿ ಇಂಗ್ಲೆಂಡಿನಲ್ಲಿ ಕಾಲವಾದರು.

ನೇಮಿಸಿದ ಕೆಲಸವಷ್ಟೇ ಸಾಕೆಂದು ಅವರು ಕುದುರೆಯನ್ನು ಮುಂದಕ್ಕೆ ಹೊಡೆದಿದ್ದರೆ ಎಷ್ಟು ಕಲ್ಲುಗಳು ಯಾರದೋ ಮನೆಯ ಪಾಯವನ್ನು ಸೇರುತ್ತಿದ್ದುವೋ! ಬಾಲಿಕೆಯರು ಪುಸ್ತಕವನ್ನು ಮುಚ್ಚಿ ಊರನ್ನು ನೋಡಹೊರಟ ದಿನ, ಪೋಷಕರು ಅದನ್ನು ಪಾಠ ತಪ್ಪಿದ ದಿನವೆಂದು ಎಣಿಸಬಾರದಾಗಿ ಬೇಡುತ್ತೇವೆ.