ವಿಜ್ಞಾನಾಚಾರ್ಯ ಸರ್ ಸಿ. ವಿ. ರಾಮನ್

ಮೋರಟಗಿಯವರು ಸಿಂದಗಿಯ ಮಾರ್ಗವಾಗಿ ವಿಜಯಪುರಕ್ಕೆ ಹೋದರೆ ಗೋಳಗುಮ್ಮಟವನ್ನು ನೋಡದೆ ಹಿಂದಿರುಗುವುದು ವಿರಳ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ವಿದ್ಯಾರ್ಥಿನಿಯರಿಗೂ ಆ ಕಟ್ಟಡವು ಚಿರಪರಿಚಿತವಾದುದು. 1656ರಲ್ಲಿ ತೀರಿಹೋದ ಸುಲ್ತಾನ ಮುಹಮ್ಮದ ಆದಿಲಶಾಹನ ಗೋರಿಯ ಮೇಲೆ ನಿಂತಿರುವ ಆ ಗುಮ್ಮಟದ ಒಳಸುತ್ತಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅನೇಕ ಮರುದನಿಗಳು ಕೇಳಿಬರುವುವು. ಗೋಡೆಗೆ ಮುಖವಿಟ್ಟು ಪಿಸುಮಾತನಾಡಿದರೆ ಎದುರು ಬದಿಯವರಿಗೆ ಅದು ಸ್ಪಷ್ಟವಾಗಿ ಮುಟ್ಟುವುದು. ನೋಡಬಂದವರು ಆಶ್ಚರ್ಯಪಟ್ಟು ಹಿಂದಿರುಗುವರು. ಆ ಆಶ್ಚರ್ಯವನ್ನು ಅಷ್ಟಕ್ಕೇ ಬಿಡದೆ, ಇಂಥದಕ್ಕೆ ಕಾರಣವೇನೆಂದು ವಿಚಾರಿಸಿದ ಮಹನೀಯರೊಬ್ಬರ ಜೀವಿತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಈ ಸಂಚಿಕೆಯಲ್ಲಿ ಅರಿಕೆ ಮಾಡಬಯಸುತ್ತೇವೆ.

ಚಂದ್ರಶೇಖರ ವೆಂಕಟರಾಮನ್ ಅವರು 1888ನೆಯ ನವೆಂಬರ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಅಧ್ಯಾಪಕರಾಗಿದ್ದರು. ತಾಯಿ ಪಾರ್ವತಿ ಅಮ್ಮಾಳ್. ಬಾಲಕನು 11ನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಶನ್ ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳನ್ನು ಪಡೆದನು. ವಿದ್ಯಾರ್ಥಿಯಾಗಿರುವಾಗಲೇ, 1906ರಲ್ಲಿ, ಬೆಳಕಿನ ವಿಷಯವಾಗಿ ಅವರು ಬರೆದ ಮೊದಲ ಲೇಖನವು ಇಂಗ್ಲೆಂಡಿನ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಆ ಕಾಲದಲ್ಲಿ ಭಾರತೀಯ ಯುವಕನಿಗೆ ವಿಜ್ಞಾನದಿಂದ ಹೊಟ್ಟೆ ಹೊರೆಯುವ ದಾರಿಗಳು ಬಹಳವಿರಲಿಲ್ಲ. ಆದುದರಿಂದ ರಾಮನ್ ಅವರು 1907ರಲ್ಲಿ ಸರಕಾರದ ಲೆಕ್ಕಪತ್ರ ಖಾತೆಯನ್ನು ಸೇರಿ, ಪತ್ನಿ ಲೋಕಸುಂದರಿಯವರೊಡನೆ ಕಲಕತ್ತೆಗೆ ಹೋದರು. ಅಲ್ಲಿ ಬೌಬಜಾರ್ ಬೀದಿಯಲ್ಲಿ, ಡಾಕ್ಟರ್ ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘವಿತ್ತು. ಕಚೇರಿಯ ಕೆಲಸಕ್ಕೆ ಮುಂಚೆಯೂ ಅನಂತರವೂ ದೊರೆಯುವ ಸಮಯವನ್ನೆಲ್ಲ ರಾಮನ್ ಅವರು ಆ ಸಂಘದ ಪ್ರಯೋಗಶಾಲೆಯಲ್ಲಿಯೇ ಕಳೆದರು. ಹತ್ತು ವರ್ಷಗಳು ಹೀಗೆ ಸಾಗಿದ ಮೇಲೆ, 1917ರಲ್ಲಿ, ಹೆಚ್ಚಿನ ವೇತನದ ಸರಕಾರೀ ಹುದ್ದೆಯನ್ನು ಬಿಟ್ಟು ಕಲಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿಯನ್ನು ಸ್ವೀಕರಿಸಿದರು.

ಅವರ ಮೊದಲ ಪ್ರೀತಿಯು ನಾದದ ಮೇಲೆ. 1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿ ಪಿಸುಮಾತಿನ ಗ್ಯಾಲರಿಯನ್ನು ಪರೀಕ್ಷಿಸಿದರು. ಬಳಿಕ ಇಂಥ ಗ್ಯಾಲರಿಗಳನ್ನು ಕುರಿತು ಅವರು ನಡೆಸಿದ ವಿಚಾರದಲ್ಲಿ ನಮ್ಮ ಗೋಳಗುಮ್ಮಟವೂ ಸೇರಿತ್ತೆಂಬುದು ಈ ಸೀಮೆಯವರಿಗೆ ಅಭಿಮಾನದ ಸಂಗತಿ. ಪಿಸುಮಾತಿನ ಅಲೆಗಳು ಬಾಗಿದ ಗೋಡೆಯನ್ನು ಅಂಟಿಕೊಂಡಂತೆ ಸುತ್ತಿ ಸಾಗುವುದರಿಂದ ಅವು ನಡುವಿನ ಬಯಲಿನಲ್ಲಿ ಚೆದರಿಹೋಗುವುದಿಲ್ಲ.

ಇಲ್ಲಿ ನಮ್ಮ ವಾಚಕರಿಗೆ ಎರಡು ಶಬ್ದಗಳ ಪರಿಚಯವನ್ನು ಮಾಡಿಕೊಡುವೆವು. ಇಂಜಿನಿಯರಿಂಗ್ ಕಲಿಯುವ ಅನೇಕ ಮಕ್ಕಳು ಇಂದು ಓದುವ ಪಾಠವಿದು. ಕಾಲದೊಡನೆ ಏರಿಳಿಯುತ್ತ ನಮಗೆ ಏನನ್ನಾದರೂ ತಿಳಿಸುವುದು ಸಂಕೇತ; ನಾಡಿಯ ಬಡಿತ, ಮಾತಿನ ದನಿ, ತಂತಿಯಲ್ಲಿ ಹರಿಯುವ ವಿದ್ಯುತ್ತು ಇವೆಲ್ಲ ಸಂಕೇತಗಳೇ. ಒಂದು ಸಂಕೇತವನ್ನು ಒಳಗೆ ಕೊಂಡು ಇನ್ನೊಂದನ್ನು ಹೊರಗೆ ಕೊಡುವುದು ವ್ಯವಸ್ಥೆ. ಗೋಳಗುಮ್ಮಟವು ಅಂಥದೊಂದು ವ್ಯವಸ್ಥೆ. ಗುಮ್ಮಟದ ಒಳವ್ಯಾಸವು ಸುಮಾರು 124 ಅಡಿ. ನಾದವು ಸೆಕೆಂಡಿಗೆ ಸುಮಾರು 1,100 ಅಡಿ ಓಡುವುದು. ಆದುದರಿಂದ ಚಪ್ಪಾಳೆಯ ಸದ್ದು ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಕಾಲುಭಾಗಕ್ಕಿಂತ ತುಸು ಕಡಿಮೆ ಸಾಕು. ಹೀಗೆಯೇ ಮತ್ತೆ ಮತ್ತೆ ಹೋಗಿ ಬಂದು, ಪ್ರತಿಸಲವೂ ಕ್ಷೀಣಿಸುತ್ತ ಅಡಗುವುದು.

ಈ ವ್ಯವಸ್ಥೆಗೆ ಎರಡು ಸದ್ಗುಣಗಳುಂಟು. ಮೊದಲನೆಯದು, ಚಪ್ಪಾಳೆಯು ಇಮ್ಮಡಿಯಾದರೆ ಮರುದನಿಯೂ ಇಮ್ಮಡಿ. ಇಬ್ಬರು ಒಮ್ಮೆಗೇ ತಟ್ಟಿದರೆ ಇಬ್ಬರ ಮರುದನಿಗಳೂ ಕೂಡಿ ಬರುವುವು. ಎರಡನೆಯದು, ಬೆಳಿಗ್ಗೆ ತಟ್ಟಿದರೂ ಸಾಯಂಕಾಲ ತಟ್ಟಿದರೂ ಉತ್ತರವು ಒಂದೇ. ಇವೆರಡೂ ಇದ್ದಲ್ಲಿ ಒಂದೇ ಒಂದು ಚಪ್ಪಾಳೆಗೆ ಬಂದ ಉತ್ತರದಿಂದ ಯಾವ ಮಾತಿಗೆ ಯಾವ ಉತ್ತರ ಬರುವುದೆಂದು ಲೆಕ್ಕ ಹಾಕಬಹುದು. ಏಕೆಂದರೆ ಮಾತೆಂಬುದು ಚಿಕ್ಕ ದೊಡ್ಡ ಚಪ್ಪಾಳೆಗಳ ಸಾಲೆಂದೇ ಎಣಿಸಬಹುದು. ಇನ್ನೊಂದು ಮಾತು: ಇಂಥ ವ್ಯವಸ್ಥೆಯೊಳಗೆ ಯಾವ ಶ್ರುತಿ ಹೊಕ್ಕಿತೋ ಅದೇ ಶ್ರುತಿ ಹೊರಬರುವುದು. ದನಿಯು ಕುಗ್ಗಬಹುದು, ತಡವಾಗಬಹುದು. ಆದರೆ ಷಡ್ಜವು ಪಂಚಮವಾಗಲಾರದು. ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಮೃದಂಗ ತಬಲಾಗಳನ್ನೂ ರಾಮನ್ ಅವರು ಇದೇ ದೃಷ್ಟಿಯಿಂದ ಪರೀಕ್ಷಿಸಿದರು. ಬರಿಯ ಚರ್ಮವನ್ನು ಬಿಗಿದ ದುಂಡು ವಾದ್ಯಕ್ಕೆ ಪೆಟ್ಟು ಕೊಟ್ಟರೆ, ಮೂಲ ಸ್ವರದೊಡನೆ ಹುಟ್ಟುವ ಮೇಲಿನ ಸ್ವರಗಳು ಅದರ 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿಯಾಗಿರುವುವು; ಆದುದರಿಂದ ಅಲ್ಲಿ ಗದ್ದಲವೇ ಹೆಚ್ಚು. ಆದರೆ ನಮ್ಮ ವಾದ್ಯಗಳ ನಡುವೆ ಮೆತ್ತಿದ ಕರಿಯ ಕರಣೆಯ ಭಾರದಿಂದ ಆ ಸ್ವರಗಳು 1, 2, 3, 4, 5 ಎಂಬ ಪೂರ್ಣಸಂಖ್ಯೆಗಳ ಕ್ರಮಕ್ಕೆ ಬಂದು ಇಂಪಾಗುವುವೆಂದು 1920ರಲ್ಲಿಯೂ 1934ರಲ್ಲಿಯೂ ಪ್ರಕಟಿಸಿದರು. ನಮ್ಮ ಹಿಂದಿನ ಕುಶಲಕರ್ಮಿಗಳು ಕಿವಿಯಿಂದಲೇ ಕಂಡುಕೊಂಡಿದ್ದುದಕ್ಕೆ ಹೀಗೆ ಲೆಕ್ಕದ ಆಧಾರವು ದೊರೆಯಿತು.

ಮುಂದೆ ಅವರ ಲಕ್ಷ್ಯವು ಬೆಳಕಿನ ಕಡೆಗೆ ತಿರುಗಿತು. ಬೆಳಕೂ ಒಂದು ಕಂಪನ. ಅದರ ಬಣ್ಣವೇ ಅದರ ಶ್ರುತಿ. ಒಂದು ಬಣ್ಣದ ಬೆಳಕನ್ನು ಶುದ್ಧವಾದ ದ್ರವದೊಳಗೆ ಬಿಟ್ಟರೆ ಚೆದರಿ ಬರುವುದು ಅದೇ ಬಣ್ಣವಾಗಿರಬೇಕೆಂದು ತೋರುವುದು ಸಹಜ. 1928ನೆಯ ಫೆಬ್ರವರಿ 28ರಂದು ಕಲಕತ್ತೆಯ ಸಂಘದಲ್ಲಿ, ಕೆ. ಎಸ್. ಕೃಷ್ಣನ್ ಅವರ ಸಹಾಯದಿಂದ, ಚೆದರಿದ ಬೆಳಕಿನಲ್ಲಿ ಒಳಹೊಕ್ಕ ಬಣ್ಣದ ಜೊತೆಗೆ ಬಲು ಮಂದವಾದ ಹೊಸ ಬಣ್ಣಗಳೂ ಇರುವುದನ್ನು ರಾಮನ್ ಅವರು ಕಂಡರು. ಕಾರಣವೇನೆಂದರೆ ದ್ರವದ ಅಣುಗಳು ಸುಮ್ಮನೆ ನಿಂತಿರುವುದಿಲ್ಲ. ತಮ್ಮದೇ ಲಯದಲ್ಲಿ ಕಂಪಿಸುತ್ತಿರುವುವು. ಗುಮ್ಮಟದಂತೆ ಎಲ್ಲ ಹೊತ್ತಿನಲ್ಲಿಯೂ ಒಂದೇ ಆಗಿರುವ ವ್ಯವಸ್ಥೆ ಅದಲ್ಲ. ಆದುದರಿಂದ ಅಣುವಿನ ಕಂಪನವು ಬೆಳಕಿನ ಕಂಪನದೊಡನೆ ಕೂಡಿಯೂ ಕಳೆದೂ ಹೊಸ ಶ್ರುತಿಗಳು ಹುಟ್ಟುವುವು. ಆ ಹೊಸ ಗೆರೆಗಳನ್ನು ಓದಿದರೆ ಒಳಗಿರುವ ವಸ್ತು ಯಾವುದೆಂದು ತಿಳಿಯುವುದು. ಆ ವರ್ಷದ ಮಾರ್ಚಿ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಇದನ್ನು ವಿದ್ವಾಂಸರಿಗೆ ವಿವರಿಸಿದರು. 1930ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

1933ರಲ್ಲಿ ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಇಲ್ಲಿಂದ ಮುಂದಿನ ಸಂಗತಿಯನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಮರೆಮಾಚಲಾರೆವು. ಅದೇ ವರ್ಷ ಮುಂಬಯಿಯಲ್ಲಿ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಿಂದ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ಕನ್ಯೆಯು ಪ್ರವೇಶ ಬೇಡಿದಾಗ, ಹೆಣ್ಣೆಂಬ ಕಾರಣದಿಂದ ರಾಮನ್ ಅವರು ನಿರಾಕರಿಸಿದರು. ಯಾವ ವಸ್ತುವಿನ ಗುಣವನ್ನೂ ಪರೀಕ್ಷಿಸದೆ ಹೇಳಬಾರದೆಂದು ಬಾಳೆಲ್ಲ ನಡೆದು ತೋರಿಸಿದ ಪಂಡಿತರು, ಈ ವಿದ್ಯಾರ್ಥಿನಿಯ ವಿಷಯದಲ್ಲಿ ಪರೀಕ್ಷೆಗೆ ಮೊದಲೇ ತೀರ್ಪು ಕೊಟ್ಟರು. ಕಮಲಾ ಅವರು ಹಿಂದಿರುಗಲಿಲ್ಲ. ಬೆಂಗಳೂರಿಗೆ ಬಂದು ಪಟ್ಟು ಹಿಡಿದು ನಿಂತರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಗಂಡಸರ ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಅವಮಾನಕರ ನಿಬಂಧನೆಯೊಡನೆ, ಪ್ರವೇಶ ಸಿಕ್ಕಿತು. ಅವರು ಅದನ್ನು ಸಹಿಸಿ ಹಾಲು, ಬೇಳೆಕಾಳುಗಳಲ್ಲಿಯ ಸತ್ತ್ವವನ್ನು ಕುರಿತು ಶ್ರಮಿಸಿದರು. ವರ್ಷದ ಕೊನೆಗೆ ರಾಮನ್ ಅವರು ಕೆಲಸವನ್ನು ಕಂಡು ತೃಪ್ತರಾದರು. ಮುಂದೆ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. ಕಮಲಾ ಅವರು 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರ್ ಪದವಿಯನ್ನು ಪಡೆದರು. ಕಮಲಾ ಸೋಹೋನಿ ಎಂದು ನಾಡು ಬಲ್ಲುದು ಇವರನ್ನೇ.

ಅನಂತರ ರಾಮನ್ ಅವರ ಸ್ವಂತ ಪ್ರಯೋಗಶಾಲೆಯಲ್ಲಿಯೇ ಹೆಣ್ಣುಮಕ್ಕಳು ಕೆಲಸ ಮಾಡಿದರು. ತಿರುವಾಂಕೂರಿನ ಪೀರಮೇಡಿನ ಕ್ರೈಸ್ತ ಮನೆತನದಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿಯವರು 1940ರಲ್ಲಿ ಅಲ್ಲಿಗೆ ಬಂದು, ವಜ್ರಗಳ ಬೆಳಕನ್ನು ಕುರಿತು ಐದು ಲೇಖನಗಳನ್ನು ಪ್ರಕಟಿಸಿದರು. ಎಂ.ಎಸ್‌ಸಿ. ಆಗಿಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರ್ ಪದವಿ ದೊರೆಯಲಿಲ್ಲ. ಆದರೂ ಎದೆಗುಂದದೆ, 1948ರಲ್ಲಿ ಭಾರತದ ಹವಾಮಾನ ಖಾತೆಯನ್ನು ಸೇರಿ, ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸುವಂತೆ ಮಾಡಿದರು. ಅದೇ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗದಲ್ಲಿ ನಮ್ಮ ಕರ್ನಾಟಕದವರೇ ಆದ ರಾಜೇಶ್ವರಿ ಚಟರ್ಜಿಯವರು ಪ್ರಾಧ್ಯಾಪಕಿಯಾಗಿ, ಸಂಕೇತಗಳನ್ನು ಆಕಾಶದ ಮೂಲಕ ಕಳುಹಿಸುವ ವಿದ್ಯೆಯನ್ನು ಅನೇಕ ಶಿಷ್ಯರಿಗೆ ಕಲಿಸಿದರು.

ರಾಮನ್ ಅವರು 1948ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನ ಮಂದಿರವನ್ನು ಕಟ್ಟಿ, ಹೂವು, ಹರಳು, ಬಣ್ಣಗಳ ವಿಚಾರದಲ್ಲಿ ಕೊನೆಯವರೆಗೆ ನಿರತರಾಗಿದ್ದರು. 1954ರಲ್ಲಿ ಭಾರತರತ್ನ ಪದವಿಯು ಬಂದಿತು. 1970ನೆಯ ನವೆಂಬರ 21ರಂದು ಅವರು ಬೆಂಗಳೂರಿನಲ್ಲಿಯೇ ದಿವಂಗತರಾದರು. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವೆಂದು ಶಾಲೆಗಳಲ್ಲಿ ಆಚರಿಸುತ್ತಾರೆ.

ಪಾಲಕರಲ್ಲಿ ನಮ್ಮದೊಂದು ಬಿನ್ನಹ. ಮಗಳಿಗೆ ಗಣಿತವು ಹತ್ತದು, ಯಂತ್ರವಿದ್ಯೆಯು ಆಕೆಗೆ ತಕ್ಕುದಲ್ಲ ಎಂದು ನಿರ್ಣಯಿಸುವ ಮೊದಲು ಆಕೆಗೆ ಪುಸ್ತಕವನ್ನೂ ಉಪಕರಣವನ್ನೂ ಸಾಕಷ್ಟು ಕಾಲವನ್ನೂ ಕೊಟ್ಟು, ಅನಂತರ ಆಕೆಯ ಉತ್ತರವನ್ನು ಕೇಳಿರಿ. ಅಷ್ಟು ದೊಡ್ಡ ಪಂಡಿತರಿಗೇ ಒಂದು ವರ್ಷದ ಪರೀಕ್ಷೆಯ ಬಳಿಕ ತಮ್ಮ ತೀರ್ಪನ್ನು ತಿದ್ದಿಕೊಳ್ಳಬೇಕಾಯಿತು. ಹಳೆಯ ವಿದ್ಯಾರ್ಥಿನಿಯರೂ ತಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಓದಿನ ಮಾತು ಬಂದಾಗ ಕಮಲಾ, ಅನ್ನಾ, ರಾಜೇಶ್ವರಿಯರ ಹೆಸರುಗಳನ್ನು ಹೇಳಿಕೊಡುವರೆಂದು ನಂಬಿದ್ದೇವೆ.