ಶ್ರೀ ಎಸ್. ನಿಜಲಿಂಗಪ್ಪನವರು

1956ರ ನವೆಂಬರ್ 1ರಂದು ವಿಶಾಲ ಮೈಸೂರಿಗೆ ಶ್ರೀ ಸಿದ್ದವನಹಳ್ಳಿ ನಿಜಲಿಂಗಪ್ಪನವರೂ ಆಂಧ್ರಪ್ರದೇಶಕ್ಕೆ ಶ್ರೀ ನೀಲಂ ಸಂಜೀವರೆಡ್ಡಿಯವರೂ ಮುಖ್ಯಮಂತ್ರಿಗಳಾದರು. ನಮ್ಮ ನಾರಾಯಣಪೇಟೆ, ಮಕ್ತಲಗಳು ರೆಡ್ಡಿಯವರ ಪಾಲಿಗೆ ಹೋದವು. ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲವೂ ಅತ್ತಲೇ ಸೇರಿತು. ಏಕೀಕರಣದ ಹಬ್ಬದ ದಿನ ನಾವು ಹೊಸ್ತಿಲಾಚೆ ಉಳಿದೆವು. ಆ ಇಬ್ಬರ ಹೆಸರುಗಳೂ ಹದಿಮೂರು ವರ್ಷಗಳ ತರುವಾಯ ಬ್ಯಾಂಕುಗಳ ಕಥೆಯಲ್ಲಿ ಮತ್ತೆ ಕೂಡಿಬಂದುದು ವಿಧಿಯ ವಿನೋದವೇ ಸರಿ.

1902ರ ಡಿಸೆಂಬರ್ 10ರಂದು ಬಳ್ಳಾರಿ ಸೀಮೆಯ ಹಲುವಾಗಲಿನಲ್ಲಿ ಜನಿಸಿದ ಶ್ರೀಯುತರು ಪುಣೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿ ಚಿತ್ರದುರ್ಗದಲ್ಲಿ ವಕೀಲರಾದರು. 1939ರ ಅರಣ್ಯ ಸತ್ಯಾಗ್ರಹದಲ್ಲಿ ಸೆರೆವಾಸವನ್ನು ಅನುಭವಿಸಿದರು. ಹಳೆಯ ಮೈಸೂರಿನ ಅನೇಕರು ಏಕೀಕರಣಕ್ಕೆ ಅಂಜುತ್ತಿದ್ದಾಗ ಅದರ ಪರ ನಿಂತ ಧೀರರವರು.

1968ರಲ್ಲಿ ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಹಿಂದಿನ ವರ್ಷದ ಚುನಾವಣೆಯಲ್ಲಿ ಪಕ್ಷವು ಹಲವು ರಾಜ್ಯಗಳನ್ನು ಕಳೆದುಕೊಂಡಿತ್ತು. ಹಿರಿಯರ ಕೂಟಕ್ಕೂ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರಿಗೂ ಮನಸ್ತಾಪ ಬೆಳೆದಿತ್ತು. ಆ ಕೂಟವನ್ನು ಸಿಂಡಿಕೇಟ್ ಎಂದು ಕರೆಯುತ್ತಿದ್ದರು. ಉಡುಪಿಯ ಸಿಂಡಿಕೇಟ್ ಬ್ಯಾಂಕಿಗೂ ಅದಕ್ಕೂ ಹೆಸರಿನ ಹೊರತು ನಂಟಿಲ್ಲ.

1969ರ ಜುಲೈಯಲ್ಲಿ ಬೆಂಗಳೂರಿನ ಅಧಿವೇಶನಕ್ಕೆ ಪ್ರಧಾನಿಗಳು ಒಂದು ಟಿಪ್ಪಣಿ ಕಳುಹಿಸಿದರು. ಬ್ಯಾಂಕುಗಳ ರಾಷ್ಟ್ರೀಕರಣದ ವಿಚಾರ ಅದರಲ್ಲಿತ್ತು. ಅದರ ಮೇಲಿನ ನಿರ್ಣಯಕ್ಕೆ ಹಿರಿಯರು ಅಡ್ಡಿಮಾಡಲಿಲ್ಲ. ಆದರೆ ಅಲ್ಲಿಯೇ, ಪ್ರಧಾನಿಗಳ ಇಚ್ಛೆಗೆ ವಿರುದ್ಧವಾಗಿ, ಸಂಜೀವರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯನ್ನಾಗಿ ಆರಿಸಿದರು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು; 19ರಂದು ಸುಗ್ರೀವಾಜ್ಞೆಯಿಂದ 14 ಬ್ಯಾಂಕುಗಳು ಸರ್ಕಾರದ ವಶವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು.

ಬ್ಯಾಂಕುಗಳ ಸಾಲದಲ್ಲಿ ರೈತನಿಗೆ ಸಲ್ಲುತ್ತಿದ್ದುದು ಅತ್ಯಲ್ಪವೆಂಬುದು ದಿಟ. ಜೋಳ ಬೆಳೆಯುವ ನಮ್ಮವರು ಸಾಹುಕಾರನ ಬಡ್ಡಿಯನ್ನು ಬಲ್ಲರು. ಆದರೆ ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣದ ಕಾಯಿದೆ ಜಾರಿಯಾಗಿ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ. ಅದರ ಫಲವನ್ನು ಕಾಯದೆ, ಅಧಿವೇಶನ ಮುಗಿದ ವಾರದೊಳಗೆ ಇಟ್ಟ ಈ ಹೆಜ್ಜೆಯಲ್ಲಿ ರೈತನ ಹಿತದೊಡನೆ ಪಕ್ಷದೊಳಗಿನ ಪಂತವೂ ಬೆರೆತಿತ್ತೆಂದು ನನ್ನ ಅಭಿಪ್ರಾಯ. ಹಿರಿಯರನ್ನು ಧನಿಕರ ಪಕ್ಷಪಾತಿಗಳೆಂದು ಜನರಿಗೆ ತೋರಿಸುವುದು ಆಗ ಸುಲಭವಾಯಿತು. ನಿಜಲಿಂಗಪ್ಪನವರೂ ತಪ್ಪಿದರು: ರೆಡ್ಡಿಯವರಿಗಾಗಿ ಸ್ವತಂತ್ರ ಪಕ್ಷ, ಜನಸಂಘಗಳ ಬೆಂಬಲ ಕೋರಿ ಆ ಅಪವಾದಕ್ಕೆ ತಾವೇ ಎಡೆಮಾಡಿದರು.

ವಿ. ವಿ. ಗಿರಿಯವರು ಗೆದ್ದರು. ನವೆಂಬರ್ 12ರಂದು ಅಧ್ಯಕ್ಷರು ಪ್ರಧಾನಿಗಳನ್ನೇ ಪಕ್ಷದಿಂದ ಹೊರಹಾಕಿದರು, ಪಕ್ಷ ಒಡೆಯಿತು. 1971ರ ಚುನಾವಣೆಯಲ್ಲಿ ಜನರು ಶ್ರೀಮತಿ ಗಾಂಧಿಯವರ ಕೈಹಿಡಿದರು. ಸಂಜೀವರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದುದನ್ನು ಕಂಡ ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ಕಾಲವಾದರು.