ಬಂಗಾಳಿ ಶಾಲೆಗೆ ಹೋದ ವಿಜ್ಞಾನಿ



ವೈಫೈ ಇಲ್ಲದ ಮನೇನ ನೀವು ಊಹಿಸೋದೂ ಕಷ್ಟ, ಅಲ್ವಾ? ತಂತಿ ಇಲ್ಲದೆ ಸಂಕೇತ ಕಳಿಸಬಹುದು ಅಂತ ಮೊದಮೊದಲು ತೋರಿಸಿದವರಲ್ಲಿ ಕಲ್ಕತ್ತಾದ ಜಗದೀಶಚಂದ್ರ ಬೋಸ್ ಒಬ್ಬರು. ಗಿಡಗಳ ಮೇಲೆ ಅವರು ಮಾಡಿದ ಪ್ರಯೋಗಗಳ ಬಗ್ಗೆ ನಿಮ್ಮ ಅಪ್ಪ ಅಮ್ಮ ಕೇಳಿರುತ್ತಾರೆ. ಆದರೆ ಅವರು ಮೊದಲು ಹೋಗಿದ್ದು ಎಂಥ ಶಾಲೆಗೆ ಗೊತ್ತಾ?

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಪೂರ್ವ ಬಂಗಾಳದಲ್ಲಿ. ಈಗ ಅದು ಬಾಂಗ್ಲಾದೇಶ. ತಂದೆ ಭಗವಾನ್ ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್. ಆ ಕಾಲದಲ್ಲಿ ಇಂಗ್ಲಿಷ್ ಬಂದರೆ ಒಳ್ಳೆ ಕೆಲಸ, ಮರ್ಯಾದೆ ಎರಡೂ ಸಿಗುತ್ತಿತ್ತು. ಫರೀದ್‌ಪುರದಲ್ಲಿ ಅವರ ಕೈಕೆಳಗಿನ ನೌಕರರೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು. ಸಾಹೇಬರು ಮಾತ್ರ ತಮ್ಮ ಮಗನನ್ನು ಬಂಗಾಳಿ ಶಾಲೆಗೆ ಸೇರಿಸಿದರು. ಮೊದಲು ತಾಯ್ನುಡಿ ಬರಲಿ, ತನ್ನ ಜನ ಯಾರು ಅಂತ ತಿಳಿಯಲಿ, ಇಂಗ್ಲಿಷ್ ಆಮೇಲೆ ಕಲಿತರಾಯಿತು ಅನ್ನೋದು ಅವರ ಲೆಕ್ಕ.

ಆ ಶಾಲೆಯಲ್ಲಿ ಹುಡುಗನ ಒಂದು ಪಕ್ಕ ಕೂರುತ್ತಿದ್ದವನು ತಂದೆಯ ಮುಸ್ಲಿಂ ಜವಾನನ ಮಗ, ಇನ್ನೊಂದು ಪಕ್ಕ ಮೀನುಗಾರನ ಮಗ. ಹಕ್ಕಿಗಳು, ಪ್ರಾಣಿಗಳು, ನೀರೊಳಗಿನ ಜೀವಿಗಳು, ಹೀಗೆ ಅವರು ಹೇಳುವ ಕಥೆಗಳಿಗೆ ಕೊನೆಯೇ ಇರಲಿಲ್ಲ. ಪ್ರಕೃತಿಯ ಕುತೂಹಲ ತನಗೆ ಅಲ್ಲಿಂದಲೇ ಹತ್ತಿತು ಅಂತ ಬೋಸ್ ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ಗೆಳೆಯರು ಮನೆಗೆ ಬಂದರೆ ಅಮ್ಮ ಭೇದ ಮಾಡದೆ ಎಲ್ಲರಿಗೂ ತಿನ್ನಲು ಕೊಡುತ್ತಿದ್ದರು.

ಹಾಗಾದರೆ ಇಂಗ್ಲಿಷ್ ಕೈಬಿಟ್ಟು ಹೋಯಿತಾ? ಇಲ್ಲ. ಮುಂದೆ ಕಲ್ಕತ್ತಾದ ಸೇಂಟ್ ಝೇವಿಯರ್ಸ್, ಆಮೇಲೆ ಕೇಂಬ್ರಿಡ್ಜ್. 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಲ್ಲಿ ಅದೇ ಕೆಲಸಕ್ಕೆ ಭಾರತೀಯರಿಗೆ ಬ್ರಿಟಿಷರಿಗಿಂತ ಕಡಿಮೆ ಸಂಬಳ. ಬೋಸ್ ಜಗಳ ಆಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮೂರು ವರ್ಷ ಒಂದು ರೂಪಾಯಿಯೂ ಮುಟ್ಟದೆ ಪಾಠ ಮಾಡಿದರು! ಕೊನೆಗೆ ಸರ್ಕಾರವೇ ಸೋತು ಪೂರ್ತಿ ಸಂಬಳವನ್ನು ಹಿಂದಿನ ಬಾಕಿಯ ಸಮೇತ ಕೊಟ್ಟಿತು. ಆ ದುಡ್ಡು ತಂದೆಯ ಸಾಲ ತೀರಿಸಲು ಹೋಯಿತು.

1895ರಲ್ಲಿ ಕಲ್ಕತ್ತಾದ ಟೌನ್‌ಹಾಲ್‌ನಲ್ಲಿ ಒಂದು ಪ್ರಯೋಗ ತೋರಿಸಿದರು. ಕಣ್ಣಿಗೆ ಕಾಣದ ಅಲೆಗಳು ಗೋಡೆಗಳನ್ನು ದಾಟಿ ಹೋಗಿ ಗಂಟೆ ಬಾರಿಸಿದವು, ಮದ್ದಿಗೆ ಕಿಡಿ ಹಚ್ಚಿದವು. ಅವರು ಬಳಸುತ್ತಿದ್ದ ಮಿಲಿಮೀಟರ್ ಅಲೆಗಳನ್ನೇ ಇವತ್ತು ನಮ್ಮಂಥ ಇಂಜಿನಿಯರುಗಳು 5ಜಿಯಲ್ಲಿ ಬಳಸುತ್ತೇವೆ.

ಇಷ್ಟರ ನಡುವೆ 1896ರಲ್ಲಿ ಬೋಸ್ ಬಂಗಾಳಿಯಲ್ಲಿ ಒಂದು ತಮಾಷೆಯ ಕಥೆ ಬರೆದರು. ಒಂದು ಬಾಟಲಿ ತಲೆಗೆ ಹಚ್ಚುವ ಎಣ್ಣೆಯಿಂದ ಚಂಡಮಾರುತವೇ ತಣ್ಣಗಾಗುವ ಕಥೆ. ಅದಕ್ಕೆ ಬಹುಮಾನವೂ ಬಂತು. ಭಾರತದ ಮೊದಮೊದಲ ವೈಜ್ಞಾನಿಕ ಕಥೆಗಳಲ್ಲಿ ಅದೂ ಒಂದು.

1905ರಲ್ಲಿ ವೈಸರಾಯ್ ಕರ್ಜನ್ ಬಂಗಾಳವನ್ನು ಎರಡು ತುಂಡು ಮಾಡಿದ. ಮುಸ್ಲಿಮರು ಹೆಚ್ಚಿದ್ದ ಪೂರ್ವ ಭಾಗ ಬೇರೆ ಪ್ರಾಂತ್ಯವಾಯಿತು. ಪೂರ್ವದ ಅನೇಕ ಮುಸ್ಲಿಮರಿಗೆ ಇದರಿಂದ ಅನುಕೂಲ ಅನ್ನಿಸಿತು. ಆದರೆ ಒಂದೇ ನುಡಿಯ ಜನರನ್ನು ಬೇರೆ ಮಾಡಿದರು ಅಂತ ಲಕ್ಷಾಂತರ ಜನ ಬೀದಿಗಿಳಿದರು. ಬೋಸರ ಗೆಳೆಯ ರವೀಂದ್ರನಾಥ ಠಾಕೂರರು ಹಿಂದೂ ಮುಸ್ಲಿಮರು ಪರಸ್ಪರ ರಾಖಿ ಕಟ್ಟಲು ಕರೆ ಕೊಟ್ಟರು. ಯೋಚಿಸಿ ನೋಡಿ, ಬೋಸರ ಬೆಂಚಿನ ಗೆಳೆಯರ ಊರು ಈಗ ಗೆರೆಯ ಆಚೆ! ಆ ಗೆರೆ ಇನ್ನೂ ಇದ್ದಾಗಲೇ, 1911ರಲ್ಲಿ, ಪೂರ್ವದ ಮೈಮನ್‌ಸಿಂಗ್‌ನಲ್ಲಿ ಬಂಗಾಳಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಯಾವ ಕವಿಯೂ ಅಲ್ಲ, ಕಲ್ಕತ್ತಾದಿಂದ ಹೋದ ಈ ವಿಜ್ಞಾನಿ. ಅದೇ ವರ್ಷದ ಕೊನೆಯಲ್ಲಿ ವಿಭಜನೆ ರದ್ದಾಯಿತು.

ಬೋಸರು ತಮ್ಮ ಯಂತ್ರಗಳಿಗೂ ನಮ್ಮ ಹೆಸರುಗಳನ್ನೇ ಇಟ್ಟಿದ್ದರು. ಕುಗ್ಗುವಿಕೆಯನ್ನು ಅಳೆಯುವ ಯಂತ್ರ 'ಕುಂಚನಮಾನ'. ವಿದೇಶಿಯರ ಬಾಯಲ್ಲಿ ಅದು 'ಕಾಂಚನ್‌ಮ್ಯಾನ್' ಆಗಿಹೋಯಿತು! ಶಾಲೆಯಲ್ಲಿ ಹಾಜರಿ ಕರೆಯುವಾಗ ನಿಮ್ಮ ಹೆಸರಿಗೂ ಹೀಗೇ ಆಗುತ್ತೆ, ಅಲ್ವಾ? ಕೊನೆಗೆ ಗಿಡದ ಬೆಳವಣಿಗೆ ಅಳೆಯುವ ಯಂತ್ರಕ್ಕೆ ಅವರು 'ಕ್ರೆಸ್ಕೋಗ್ರಾಫ್' ಅಂತ ಹೆಸರಿಟ್ಟರು. ಹೆಸರಿನ ವಿಷಯದಲ್ಲಿ ರಾಜಿಯಾದರೂ ಬಂಗಾಳಿಯಲ್ಲಿ ವಿಜ್ಞಾನ ಬರೆಯುವುದನ್ನು ಬಿಡಲಿಲ್ಲ. ಆ ಲೇಖನಗಳೆಲ್ಲ 1921ರಲ್ಲಿ 'ಅವ್ಯಕ್ತ' ಅನ್ನೋ ಪುಸ್ತಕವಾಗಿ ಬಂದವು.

1917ರಲ್ಲಿ, ತಮ್ಮ ಹುಟ್ಟಿದ ದಿನದಂದೇ, ಕಲ್ಕತ್ತಾದಲ್ಲಿ ಬೋಸ್ ಸಂಶೋಧನಾ ಮಂದಿರ ತೆರೆದರು. ಅದು ಇವತ್ತಿಗೂ ನಡೆಯುತ್ತಿದೆ. 1937ರ ನವೆಂಬರ್ 23ರಂದು ತೀರಿಕೊಂಡರು. ಹತ್ತು ವರ್ಷದ ನಂತರ ಬಂಗಾಳ ಮತ್ತೆ ಎರಡಾಯಿತು, ಫರೀದ್‌ಪುರ ಬೇರೆ ದೇಶಕ್ಕೆ ಸೇರಿತು. ಆದರೆ ಗೆರೆಯ ಎರಡೂ ಕಡೆ ಮಾತು ಮಾತ್ರ ಬಂಗಾಳಿಯೇ.

ಪೋಷಕರೇ, ಮನೆಭಾಷೆ ಕಲಿತರೆ ಇಂಗ್ಲಿಷ್ ಹಿಂದೆ ಬೀಳುತ್ತಾ ಅನ್ನೋ ಭಯ ನಿಮಗೂ ಇದ್ದರೆ ಭಗವಾನ್ ಚಂದ್ರರ ಲೆಕ್ಕವನ್ನು ಒಮ್ಮೆ ನೆನೆಯಿರಿ. ಮಕ್ಕಳೇ, ನಿಮಗೊಂದು ಹೋಂವರ್ಕ್: ಈ ವಾರ ಶಾಲೆಯಲ್ಲಿ ಕಲಿತ ಒಂದು ವಿಜ್ಞಾನ ಪಾಠವನ್ನು ಊರಲ್ಲಿರುವ ಅಜ್ಜಿಗೋ ತಾತನಿಗೋ ಫೋನಿನಲ್ಲಿ ಕನ್ನಡದಲ್ಲೇ ಹೇಳಿ. ಪದ ಸಿಗದಿದ್ದರೆ ಅವರನ್ನೇ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಒಂದು ಹೊಸ ಪದ ಮಾಡಿ!